ಗ್ರಾನೈಟ್ ಕಿತ್ತ ಮೇಲೆ ನನ್ನ ಕ್ಯಾಂಪರ್ ತೂಕಕ್ಕೆ ಬಂತು

ಹೋದ ವಾರ ಪೀಣ್ಯದಲ್ಲಿ ಗಾಡಿ ತೂಗುವ ವೇಬ್ರಿಡ್ಜ್‌ನ ಚೀಟಿ ಕೈಗೆ ಬಂತು: 3,380 ಕೆಜಿ. ನಾವು ನಾಲ್ಕು ಜನ, ತುಂಬಿದ ನೀರು, ಫುಲ್ ಡೀಸೆಲ್, ಪಾತ್ರೆ ಪಗಡ ಎಲ್ಲ ಸೇರಿ. ಅಡುಗೆ ಕಟ್ಟೆ, ಮಂಚ ಕೂರಿಸಿ ಕ್ಯಾಂಪರ್ ಮಾಡಿಸಿದ ನನ್ನ ಹಳೆ ಟೆಂಪೊ ಟ್ರಾವೆಲರ್‌ನ ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿ 3,500 ಕೆಜಿಯ ಆಸುಪಾಸು. ಇಷ್ಟೆಲ್ಲ ಇಟ್ಟುಕೊಂಡು ಮಿತಿಯೊಳಗೆ ಇರೋಕೆ ಆಗಲ್ಲ ಅಂದವರಿಗೆಲ್ಲ ಚೀಟಿಯ ಫೋಟೊ ಕಳಿಸಿದ್ದೇನೆ.

ಮೊದಲ ಸಲ ಕಟ್ಟಿಸಿದಾಗ ಗಾಡಿ 3,640 ತೂಗಿತ್ತು. "ಅಷ್ಟೊಂದು ಜನ ಹತ್ತೋ ಗಾಡಿ ಸಾರ್, ತಡೆಯುತ್ತೆ" ಅಂದಿದ್ದರು ಕಟ್ಟಿಕೊಟ್ಟವರು. ಅವರು ಹಾಕಿದ್ದು 18 ಎಂಎಂ ಪ್ಲೈವುಡ್. 8x4 ಶೀಟ್ ಒಂದಕ್ಕೇ 33-35 ಕೆಜಿ! ಅಡುಗೆ ಕಟ್ಟೆಗೆ ಗ್ರಾನೈಟ್ ಬೇರೆ, ಹತ್ತು ಚದರಡಿಗೆ 45 ಕೆಜಿ. ಮನೆ ಇನ್ವರ್ಟರ್‌ಗೆ ಹಾಕುವಂಥ ಟ್ಯೂಬ್ಯುಲರ್ ಬ್ಯಾಟರಿ ಎರಡು ಸೇರಿ 115 ಕೆಜಿ. ಆ ಕೆಲಸಕ್ಕೆ ಸುರಿದ ಎರಡೂವರೆ ಲಕ್ಷದಲ್ಲಿ ಅರ್ಧದಷ್ಟು ಗುಜರಿಗೆ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ನನ್ನನ್ನು ಹೆದರಿಸಿದ್ದು ಒಟ್ಟು ತೂಕ ಅಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಸ್ಟೇರಿಂಗ್ ಹಗುರವಾಗಿ, ತಿರುವಿನಲ್ಲಿ ಮುಂದಿನ ಚಕ್ರ ಜಾರಿದ ಹಾಗೆ ಅನಿಸಿತು. ಹೆಂಡತಿ ಮಕ್ಕಳು ಹಿಂದೆ ಕೂತಿದ್ದರು. ಬೆಂಗಳೂರಿಗೆ ಬಂದವನೇ ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಗಿಸಿದೆ. ಆಗ ತಪ್ಪು ಸಿಕ್ಕಿತು. 120 ಲೀಟರ್ ನೀರಿನ ಟ್ಯಾಂಕ್ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ದಾಟಿ ಒಂದು ಮೀಟರ್ ಹಿಂದೆ ಕೂತಿತ್ತು. ವೀಲ್‌ಬೇಸ್, ಅಂದರೆ ಎರಡು ಆಕ್ಸಲ್ ನಡುವಿನ ದೂರ, 3.35 ಮೀಟರ್. ಲೆಕ್ಕ ಹಾಕಿ: ಅಲ್ಲಿಟ್ಟ ಪ್ರತಿ 100 ಕೆಜಿ ಹಿಂದಿನ ಆಕ್ಸಲ್ ಮೇಲೆ 130 ಆಗುತ್ತದೆ, ಮುಂದಿನಿಂದ 30 ಎತ್ತಿಬಿಡುತ್ತದೆ. ಏತದ ಲೆಕ್ಕವೇ, ಅಲ್ವಾ?

ಟ್ಯಾಂಕನ್ನು ಡ್ರೈವರ್ ಸೀಟಿನ ಹಿಂದಕ್ಕೆ ತಂದೆ. ದಪ್ಪ ಪ್ಲೈ ಕಿತ್ತು ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ 6 ಎಂಎಂ ಪ್ಲೈ ಹಾಕಿಸಿದೆ, ತೂಕ ಇಳಿಯಿತು. ತೆಳು ಪ್ಲೈ ಗಡಗಡ ಅನ್ನುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ನನ್ನ ಗಾಡಿ ಅನ್ನಲ್ಲ. ಆ ಜೋಡಣೆಯ ಗುಟ್ಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಲಿಥಿಯಂ ಬ್ಯಾಟರಿಗೆ ಅರವತ್ತು ಸಾವಿರದ ಹತ್ತಿರ ಆಯಿತು, ತೂಕ ಬರೀ 25 ಕೆಜಿ. ಗ್ರಾನೈಟ್ ಹೋಯಿತು, ಜನರೇಟರ್ ಹೋಯಿತು.

ನಡುವೆ ಬಿದಿರಿನ ಶೆಲ್ಫ್ ಮಾಡಿ ನೋಡಿದೆ. ಹಗುರ ನಿಜ, ಆದರೆ ಒಂದು ಮಳೆಗಾಲಕ್ಕೇ ಬೂಸ್ಟು ಹಿಡಿಯಿತು. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಮಾತ್ರ ಚಿನ್ನ, ಐನೂರು ರೂಪಾಯಿಯೂ ಇಲ್ಲ. ಪ್ರತಿ ಡಬ್ಬಿ, ಪ್ರತಿ ಕುರ್ಚಿ ತೂಗಿ ಗೋಡೆ ಮೇಲೆ ಬರೆದೆ. ಸುಮ್ನೆ ಒಯ್ಯುತ್ತಿದ್ದ ಸಾಮಾನೇ 40 ಕೆಜಿ ಸಿಕ್ಕಿತು. ಕಬ್ಬಿಣದ ದೋಸೆ ಹಂಚು ಮಾತ್ರ ಬಿಡಲಿಲ್ಲ.

ಈಗ 120 ಕೆಜಿ ಉಳಿದಿದೆ. ಮಗಳು ಸೈಕಲ್‌ಗೆ ಜಾಗ ಕೇಳಿದ್ದಾಳೆ. ಹಿಂದಿನ ಬಾಗಿಲಿಗೆ ನೇತು ಹಾಕಲ್ಲ. ಮಂಚದ ಕೆಳಗೆ, ಎರಡು ಆಕ್ಸಲ್ ನಡುವೆ ಅಳತೆ ತೆಗೆಯುತ್ತಿದ್ದೇನೆ.