ಪಾರ್ಟ್ 25, ಸಿಎಸ್-25: ಎರಡು ಕಡೆಯ ವಿಮಾನ ನಿಯಮಕ್ಕೆ ಒಂದೇ ಪಟ್ಟಿ ಮಾಡುವುದು ಹೇಗೆ

ಕದ್ರಿಯ ಮನೆಯ ಮೇಲಿನ ರೂಮೇ ನನ್ನ ಆಫೀಸು. ವಿಮಾನದ ಸೀಟು, ಒಳಗಿನ ಪ್ಯಾನೆಲ್, ಗ್ಯಾಲಿ (ವಿಮಾನದ ಅಡುಗೆಮನೆ) ಇವುಗಳ ಸರ್ಟಿಫಿಕೇಶನ್ ಕಾಗದಪತ್ರ ಸಿದ್ಧ ಮಾಡುವುದು ನನ್ನ ಕೆಲಸ. ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯಿಂದ ಇಂಟರ್ನ್‌ಶಿಪ್‌ಗೆ ಬರುವವರಿಗೆ ಮೊದಲ ವಾರ ಇದನ್ನೇ ಕೊಡುತ್ತೇನೆ: ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎಯ ಪಾರ್ಟ್ 25, ಯುರೋಪಿನ ಪ್ರಾಧಿಕಾರ ಇಎಎಸ್‌ಎಯ ಸಿಎಸ್-25 ಎರಡನ್ನೂ ಓದಿ ಹೋಲಿಕೆ ಪಟ್ಟಿ ಮಾಡಿ. ಎರಡೂ ದೊಡ್ಡ ವಿಮಾನಗಳ ವಿನ್ಯಾಸದ ಸುರಕ್ಷತಾ ನಿಯಮಗಳು. ಹೆಚ್ಚಿನವರು ಎರಡು ಪಿಡಿಎಫ್ ತೆರೆದು ಸಾಲು ಸಾಲಾಗಿ ಓದಿ, ಬೇರೆ ಕಂಡ ಪದಕ್ಕೆಲ್ಲ ಹಳದಿ ಬಳಿಯುತ್ತಾರೆ. ಸಂಜೆಗೆ ಪುಟವೆಲ್ಲ ಹಳದಿ. ಯಾವ ಪರೀಕ್ಷೆ ಮಾಡಬೇಕು ಅಂತ ಕೇಳಿದರೆ ಉತ್ತರ ಇಲ್ಲ.

ಮೊದಲು ಬುನಾದಿ ಗೊತ್ತಿರಬೇಕು. ನಮ್ಮೂರಿನಿಂದ ದುಬೈಗೆ ಹೋದವರು ಇಲ್ಲಿಯ ಲೈಸೆನ್ಸ್ ಇದ್ದರೂ ಅಲ್ಲಿ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡುತ್ತಾರೆ ಅಲ್ವಾ? ವಿಮಾನಕ್ಕೆ ಹಾಗಾಗಬಾರದು ಅಂತಲೇ 1944ರ ಷಿಕಾಗೊ ಒಪ್ಪಂದದ 33ನೇ ವಿಧಿ ಇದೆ. ನೋಂದಣಿಯಾದ ದೇಶ ಕೊಟ್ಟ ಏರ್‌ವರ್ದಿನೆಸ್ ಸರ್ಟಿಫಿಕೇಟನ್ನು, ಅಂದರೆ ವಿಮಾನ ಹಾರಲು ಯೋಗ್ಯ ಅನ್ನುವ ಪತ್ರವನ್ನು, ಉಳಿದ ದೇಶಗಳು ಒಪ್ಪಬೇಕು; ಆದರೆ ಅದನ್ನು ಕೊಟ್ಟ ನಿಯಮ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೊದ ಕನಿಷ್ಠ ಮಟ್ಟಕ್ಕಿಂತ ಕಡಿಮೆ ಇರಬಾರದು. ಆ ಕನಿಷ್ಠ ಮಟ್ಟ ಇರುವುದು ಒಪ್ಪಂದದ ಅನುಬಂಧ, ಅನೆಕ್ಸ್ 8ರಲ್ಲಿ. ಆದರೆ ಬೇರೆ ದೇಶದ ವಿಮಾನವನ್ನು ನಿಮ್ಮ ದೇಶದಲ್ಲೇ ನೋಂದಣಿ ಮಾಡಬೇಕು ಅಂದಾಗ ಕತೆ ಬೇರೆ. ಆಗ ನಿಮ್ಮ ಪ್ರಾಧಿಕಾರ ಅದರ ವಿನ್ಯಾಸವನ್ನು ತನ್ನ ನಿಯಮದ ಕಣ್ಣಲ್ಲಿ ನೋಡುತ್ತದೆ. ಇದಕ್ಕೆ ವ್ಯಾಲಿಡೇಶನ್ ಅನ್ನುತ್ತಾರೆ. ಹೋಲಿಕೆ ಪಟ್ಟಿ ಬೇಕಾಗುವುದು ಇಲ್ಲಿ.

ಮಂಗಳೂರಿನಲ್ಲಿ ಈ ಮಾತು ಎತ್ತಿದರೆ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ಬಂದೇ ಬರುತ್ತದೆ. ಅದು ಏರೋಡ್ರೋಮ್, ಅಂದರೆ ವಿಮಾನ ನಿಲ್ದಾಣದ ವಿಷಯ, ಅನೆಕ್ಸ್ 14. ನಮ್ಮ ಪಟ್ಟಿಗೆ ಸೇರುವುದಿಲ್ಲ.

ಪಟ್ಟಿಯ ಮೊದಲ ಕಾಲಂ ನಿಯಮದ ನಂಬರ್ ಅಲ್ಲ, ತಾರೀಕು. ವಿಮಾನದ ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ವಿನ್ಯಾಸಕ್ಕೆ ಸಿಕ್ಕ ಒಪ್ಪಿಗೆ) ಡೇಟಾ ಶೀಟ್ ತೆಗೆಯಿರಿ. ಎಫ್‌ಎಎಯಲ್ಲಿ ಬೋಯಿಂಗ್ 737ರದ್ದು ಎ16ಡಬ್ಲ್ಯುಇ, ಏರ್‌ಬಸ್ 320ರದ್ದು ಎ28ಎನ್‌ಎಂ. ಎರಡೂ ಇಂಟರ್ನೆಟ್ಟಿನಲ್ಲಿ ಉಚಿತ. ಅದರಲ್ಲಿ ‘ಸರ್ಟಿಫಿಕೇಶನ್ ಬೇಸಿಸ್’ ಅನ್ನುವ ಭಾಗ ಇರುತ್ತದೆ. ಯಾವ ನಿಯಮ, ಯಾವ ತಿದ್ದುಪಡಿಯ ತನಕ ಅನ್ವಯ ಅಂತ ಅಲ್ಲಿ ಬರೆದಿರುತ್ತದೆ. ಮೊದಲ 737ಕ್ಕೆ ಸರ್ಟಿಫಿಕೇಟ್ ಸಿಕ್ಕಿದ್ದು 1967ರಲ್ಲಿ. ಸೀಟುಗಳ 16ಜಿ (ಗುರುತ್ವದ 16 ಪಟ್ಟು ಹೊಡೆತ) ಪರೀಕ್ಷೆಯ ನಿಯಮ 25.562 ಬಂದದ್ದು 1988ರಲ್ಲಿ. ಹೊಸ ನಿಯಮ ಹಳೆಯ ವಿನ್ಯಾಸಕ್ಕೆ ತಾನಾಗಿ ಅಂಟುವುದಿಲ್ಲ. ಎಷ್ಟು ಬದಲಾಯಿಸಿದರೆ ಹೊಸ ನಿಯಮ ಬೀಳುತ್ತದೆ ಅನ್ನುವುದನ್ನು 21.101 ಹೇಳುತ್ತದೆ. ಇದನ್ನು ನೋಡದೆ ಇವತ್ತಿನ ಪಾರ್ಟ್ 25ನ್ನು ಇವತ್ತಿನ ಸಿಎಸ್-25ರ ಜತೆ ಹೋಲಿಸಿದರೆ ಸುಮ್ನೆ ಸಮಯ ದಂಡ.

ಆಮೇಲೆ ಒಂದೊಂದೇ ನಿಯಮ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಕೇಳಿ: ವಿಮಾನದ ಯಾವ ಭಾಗ? ಎಷ್ಟು ಹೊರೆ? ಯಾವ ವೇಗ ಅಥವಾ ಸ್ಥಿತಿ? ಕೊನೆಗೆ ಏನು ಉಳಿದಿರಬೇಕು? ಕಲಿಸಲು ನನಗೆ ಇಷ್ಟದ ಉದಾಹರಣೆ ಹಕ್ಕಿ ಡಿಕ್ಕಿ, 25.631. ನಂಬರ್ ಎರಡೂ ಕಡೆ ಒಂದೇ. ಅಮೆರಿಕದ್ದು ವಿಮಾನದ ಬಾಲದ ಭಾಗದ ಬಗ್ಗೆ ಮಾತ್ರ: 8 ಪೌಂಡ್, ಅಂದರೆ ಸುಮಾರು 3.6 ಕಿಲೋ ತೂಕದ ಹಕ್ಕಿ, ಸಮುದ್ರ ಮಟ್ಟದಲ್ಲಿ ವಿನ್ಯಾಸದ ಕ್ರೂಸ್ ವೇಗದಲ್ಲಿ ಬಡಿದರೂ ವಿಮಾನ ಹಾರಿ ಇಳಿಯುವಂತಿರಬೇಕು. ಯುರೋಪಿನದ್ದು ಇಡೀ ವಿಮಾನಕ್ಕೆ, ಆದರೆ 4 ಪೌಂಡ್ ಹಕ್ಕಿ. ವೇಗ ಸಮುದ್ರ ಮಟ್ಟದಲ್ಲಿ ಅದೇ ಕ್ರೂಸ್ ವೇಗ ಪೂರ್ತಿ ಅಥವಾ 8,000 ಅಡಿಯಲ್ಲಿ ಅದರ ಶೇ 85, ಎರಡರಲ್ಲಿ ಯಾವುದು ಕಷ್ಟವೋ ಅದು.

ಬಾಲಕ್ಕೆ ಮಾತ್ರ ಯಾಕೆ ಎರಡು ಪಟ್ಟು? 1962ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್ ಮೇಲೆ ಯುನೈಟೆಡ್ ಕಂಪನಿಯ ವೈಕೌಂಟ್ ವಿಮಾನಕ್ಕೆ ಹಂಸಗಳು ಬಡಿದು, ಬಾಲದ ಎಡ ರೆಕ್ಕೆ ಕಳಚಿ, ಒಳಗಿದ್ದ 17 ಮಂದಿಯೂ ಸತ್ತರು. ಆ ನಿಯಮ ಹುಟ್ಟಿದ್ದು ಹಾಗೆ. ಯಾವ ಅಂಕಿ ಯಾವ ಅಪಘಾತದಿಂದ ಬಂತು ಅಂತ ಗೊತ್ತಿದ್ದರೆ, ಅದನ್ನು ಸಡಿಲಿಸಿ ಅಂತ ಕೇಳಲು ಬಾಯಿ ಬರುವುದಿಲ್ಲ.

ಈಗ ಅಮೆರಿಕ ಬಾಲ ಬಿಟ್ಟು ಉಳಿದದ್ದನ್ನು ಕೈಬಿಟ್ಟಿದೆ ಅಂತ ತೀರ್ಪು ಕೊಡಬೇಡಿ. ಉಳಿದ ರಚನೆಗೆ 4 ಪೌಂಡ್ ಹಕ್ಕಿಯ ಮಾತು ಅವರಲ್ಲೂ ಇದೆ, 25.571ರ ಒಳಗೆ ಕೂತಿದೆ. ನಂಬರ್ ಹಿಡಿದು ಹೋಲಿಸಿದವರಿಗೆ ಅದು ಕಾಣುವುದೇ ಇಲ್ಲ. ಭಾಗ ಹಿಡಿದು ಹೋಲಿಸಿದರೆ ಸಿಗುತ್ತದೆ. ಬಾಲಕ್ಕೆ 8 ಪೌಂಡಿನ ಪರೀಕ್ಷೆ ಮಾಡಿ, ಅದು ಯುರೋಪಿನ ಎರಡೂ ಸ್ಥಿತಿಗಳನ್ನು ಹೇಗೆ ಒಳಗೊಳ್ಳುತ್ತದೆ ಅಂತ ಲೆಕ್ಕ ತೋರಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ಲೆಕ್ಕ ಬರೆದಿಡದೆ ‘ಒಳಗೊಂಡಿದೆ’ ಅಂತ ಒಂದು ಸಾಲು ಹಾಕಿದರೆ ಯಾರೂ ಒಪ್ಪುವುದಿಲ್ಲ.

ನನ್ನ ಕ್ಷೇತ್ರದಲ್ಲಿ ಇಷ್ಟು ರಗಳೆ ಇಲ್ಲ. 20ಕ್ಕಿಂತ ಕಡಿಮೆ ಸೀಟಿನ ವಿಮಾನ ಬಿಟ್ಟರೆ ದೊಡ್ಡ ಪ್ಯಾನೆಲ್‌ಗಳ ಶಾಖ ಬಿಡುಗಡೆಯ ಮಿತಿ (ಸುಟ್ಟಾಗ ಹೊರಬರುವ ಗರಿಷ್ಠ ಮತ್ತು ಒಟ್ಟು ಶಾಖ) ಎರಡೂ ಕಡೆ 65/65. ‘ಒಂದೇ’ ಅಂತ ಬರೆದು ಮುಂದೆ ಹೋಗಿ. ಎಲೆಕ್ಟ್ರಾನಿಕ್ಸ್‌ನವರಿಗೆ ಇನ್ನೂ ಸುಲಭ: ಉಪಕರಣಗಳು ಶಾಖ, ಕಂಪನ, ತೇವ ತಡೆಯುತ್ತವಾ ಅಂತ ನೋಡುವ ಪರೀಕ್ಷೆಗಳ ಅಮೆರಿಕದ ಪುಸ್ತಕ ಡಿಒ-160 ಮತ್ತು ಯುರೋಪಿನ ಇಡಿ-14 ಒಂದಕ್ಕೊಂದು ಜೋಡಿ. ಅದರಲ್ಲಿರುವ ಸಾಲ್ಟ್ ಫಾಗ್ (ಉಪ್ಪು ಮಂಜು) ಪರೀಕ್ಷೆಯನ್ನು ಸಮುದ್ರದ ಬದಿಯ ಪಣಂಬೂರು ಕಡೆಯವರಿಗೆ ವಿವರಿಸುವ ಅಗತ್ಯ ಇಲ್ಲ. ಗೇಟು, ಬೈಕು ಎಲ್ಲ ದಿನಾ ಅದೇ ಪರೀಕ್ಷೆ ಬರೆಯುತ್ತಿವೆ.

ಒಂದು ಗ್ರಾಹಕ ಕಂಪನಿ ನನಗೆ ಕಳಿಸಿದ ಪಟ್ಟಿಯಲ್ಲಿ ಎಲ್ಲ ಸಾಲಿಗೂ ‘ಒಂದೇ’ ಅಂತ ಇತ್ತು, 25.1309ಕ್ಕೂ. ಅದು ವ್ಯವಸ್ಥೆಗಳ ಸುರಕ್ಷತೆಯ ನಿಯಮ. ಒಂದೇ ಒಂದು ದೋಷದಿಂದ ಮಹಾ ಅಪಾಯ ಆಗಬಾರದು ಅನ್ನುವ ಮಾತು ಯುರೋಪಿನ ಪಠ್ಯದಲ್ಲಿ ನೇರವಾಗಿ ಇತ್ತು, ಅಮೆರಿಕದ ಹಳೆಯ ಪಠ್ಯದಲ್ಲಿ ಹಾಗಿರಲಿಲ್ಲ. ಇದನ್ನು ಸರಿಮಾಡುವ ಕರಡು 2002ರಲ್ಲೇ ಸಿದ್ಧವಿತ್ತು. ಎಫ್‌ಎಎ ಅಂತಿಮ ನಿಯಮ ಹೊರಡಿಸಿದ್ದು 2024ರ ಆಗಸ್ಟ್‌ನಲ್ಲಿ. ಹಾರ್ಮನೈಸೇಶನ್, ಅಂದರೆ ಎರಡೂ ಕಡೆಯ ನಿಯಮ ಒಂದೇ ಮಾಡುವ ಕೆಲಸ, ಇಷ್ಟು ನಿಧಾನ. ಆ ಮಧ್ಯೆ ಅರ್ಜಿ ಹಾಕಿದವರಿಗೆ ಹಳೆಯ ಪಠ್ಯವೇ ಇರಬಹುದು, ಹಾಗಾಗಿ ಮತ್ತೆ ತಾರೀಕಿನ ಕಾಲಂ ನೋಡಿ.

ಪಠ್ಯ ಒಂದೇ ಇದ್ದರೂ ಪ್ರಾಧಿಕಾರ ಬೇರೆ ಯೋಚನೆ ಮಾಡಬಹುದು. ಅದಕ್ಕೊಂದು ಕಾಲಂ ಇರಲಿ. ಎರಡು ಅಪಘಾತಗಳ ನಂತರ 737 ಮ್ಯಾಕ್ಸ್‌ನ ಹಾರಾಟ 2019ರ ಮಾರ್ಚ್‌ನಲ್ಲಿ ನಿಂತಿತು. ಮತ್ತೆ ಹಾರಲು ಎಫ್‌ಎಎ 2020ರ ನವೆಂಬರ್‌ನಲ್ಲಿ ಬಿಟ್ಟಿತು, ಇಎಎಸ್‌ಎ 2021ರ ಜನವರಿಯಲ್ಲಿ, ಭಾರತದ ಪ್ರಾಧಿಕಾರ ಡಿಜಿಸಿಎ 2021ರ ಆಗಸ್ಟ್‌ನಲ್ಲಿ. ವಿಮಾನ ಎತ್ತುವ ಶಕ್ತಿ ಕಳೆದುಕೊಳ್ಳುವ ಮೊದಲು ಪೈಲಟ್‌ನ ಹಿಡಿಕೆ ಅದುರಿಸಿ ಎಚ್ಚರಿಸುವ ಸ್ಟಿಕ್ ಶೇಕರ್ ತಪ್ಪಾಗಿ ಅದುರುತ್ತಿದ್ದರೆ, ಅದರ ಸರ್ಕ್ಯೂಟ್ ಬ್ರೇಕರನ್ನು ಪೈಲಟ್ ಎಳೆದು ನಿಲ್ಲಿಸಬಹುದು ಅಂತ ಯುರೋಪ್ ಹೇಳಿತು, ಎಫ್‌ಎಎ ಅದನ್ನು ಸೇರಿಸಲಿಲ್ಲ. ಪಾರ್ಟ್ 25, ಸಿಎಸ್-25 ಎಷ್ಟು ಓದಿದರೂ ಇದು ಸಿಗುವುದಿಲ್ಲ. ಇಂಥದ್ದು ಸಿಗುವುದು ಒಂದೊಂದು ವಿನ್ಯಾಸದ ಬಗ್ಗೆ ಪ್ರಾಧಿಕಾರ ಬರೆಯುವ ಟಿಪ್ಪಣಿಗಳಲ್ಲಿ: ಎಫ್‌ಎಎಯ ಇಷ್ಯೂ ಪೇಪರ್, ಇಎಎಸ್‌ಎಯ ಸಿಆರ್‌ಐ, ಸ್ಪೆಷಲ್ ಕಂಡಿಶನ್‌ಗಳಲ್ಲಿ. ಎರಡು ಪ್ರಾಧಿಕಾರಗಳೂ ತಮ್ಮ ನಡುವಿನ ಮುಖ್ಯ ವ್ಯತ್ಯಾಸಗಳ ಪಟ್ಟಿಯನ್ನೂ ಪ್ರಕಟಿಸುತ್ತವೆ. ಅದನ್ನು ಮೊದಲೇ ಕೊಟ್ಟರೆ ಹುಡುಗರು ಅದನ್ನೇ ನಕಲು ಮಾಡುತ್ತಾರೆ. ನಾನು ಕೊಡುವುದು ಕೊನೆಯಲ್ಲಿ, ತಾಳೆ ನೋಡಲು.

ಭಾರತದ ಕಾಲಂ ಚಿಕ್ಕದು, ಆದರೆ ಬಿಡಬೇಡಿ. ಇಲ್ಲಿ ಡಿಜಿಸಿಎಯ ಸರ್ಟಿಫಿಕೇಶನ್ ನಿಯಮ ಸಿಎಆರ್-21 ನೋಡಬೇಕು. ನಾವು ಹೊರಗಿನ ನಿಯಮವನ್ನೇ ಬುನಾದಿಯಾಗಿ ತಗೊಂಡದ್ದೂ ಉಂಟು: ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಪುಟ್ಟ ತರಬೇತಿ ವಿಮಾನ ಹನ್ಸಾ-3ಕ್ಕೆ ಡಿಜಿಸಿಎ 2000ದಲ್ಲಿ ಸರ್ಟಿಫಿಕೇಟ್ ಕೊಟ್ಟದ್ದು ತುಂಬ ಹಗುರ ವಿಮಾನಗಳ ಯುರೋಪಿನ ನಿಯಮ ಜೆಎಆರ್-ವಿಎಲ್‌ಎ ಪ್ರಕಾರ. ಅಮೆರಿಕದ ಜತೆ 2011ರ ವಿಮಾನಯಾನ ಸುರಕ್ಷತಾ ಒಪ್ಪಂದ ಇದೆ. ಅದು ಎಲ್ಲ ಬಗೆಯ ಉತ್ಪನ್ನಕ್ಕೂ ಅನ್ವಯಿಸುವುದಿಲ್ಲ, ಹಾಗಾಗಿ ನಿಮ್ಮ ಬಿಡಿಭಾಗ ಅದರ ವ್ಯಾಪ್ತಿಯಲ್ಲಿ ಬರುತ್ತದಾ ಅಂತ ಪರೀಕ್ಷೆಗೆ ದುಡ್ಡು ಹಾಕುವ ಮೊದಲೇ ಓದಿ.

ಪಟ್ಟಿ ಮುಗಿದ ಮೇಲೆ ಪರೀಕ್ಷೆಯ ಪ್ಲಾನ್ ಬರೆಯಿರಿ, ಪ್ರತಿ ಸಾಲಿಗೆ ಬಿಗಿ ಇರುವ ಬೇಡಿಕೆ ಹಿಡಿದು. ಅದನ್ನು ಎರಡೂ ಪ್ರಾಧಿಕಾರಗಳಿಗೆ ಪರೀಕ್ಷೆಗೆ ಮೊದಲೇ ಕಳಿಸಿ. ಸ್ಯಾಂಪಲ್ ಸುಟ್ಟು ಮುಗಿದ ಮೇಲೆ ‘ಈ ರೀತಿ ಸುಡಬಾರದಿತ್ತು’ ಅಂತ ಕೇಳಿಸಿಕೊಳ್ಳುವುದು ಯಾರಿಗೆ ಬೇಕು? ಪ್ಲಾನಿನ ಮೊದಲ ಪುಟದಲ್ಲೇ ಎರಡೂ ನಿಯಮಗಳ ತಿದ್ದುಪಡಿ ನಂಬರ್ ದಪ್ಪ ಅಕ್ಷರದಲ್ಲಿ ಹಾಕಿ.