ಕೈಯಲ್ಲಿ ಎತ್ತುವ ಟಾಪ್‌ಗೆ ಪವರ್ ಹಾಕುವವರಿಗೆ

ಹಳೇ ಕನ್ವರ್ಟಿಬಲ್ ಕಾರಿನ ಮಡಚುವ ಟಾಪ್‌ಗೆ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಎತ್ತುವ) ಪಂಪ್ ಕೂರಿಸುತ್ತಿದ್ದರೆ, ಟಾಪನ್ನು ಎರಡು ಪಕ್ಕದಿಂದ ಎತ್ತುವ ಸಿಲಿಂಡರ್‌ಗಳ ರಾಡ್‌ಗಳನ್ನು ಟಾಪ್‌ನ ಫ್ರೇಮ್‌ಗೆ ಆಗಲೇ ಬೋಲ್ಟ್ ಮಾಡಬೇಡಿ. ರಾಡ್ ತುದಿಗಳನ್ನು ಬಿಡಿಯಾಗಿಟ್ಟು, ಕಾರಿನ ಮೈಗೆ ತಾಗದಂತೆ ಬಟ್ಟೆ ಸುತ್ತಿ, ಐದಾರು ಸಲ ಪೂರ್ತಿ ಮೇಲೆ ಕೆಳಗೆ ಓಡಿಸಿ. ಪೈಪ್‌ನಲ್ಲಿ ಸಿಕ್ಕಿಕೊಂಡ ಗಾಳಿ ಪಂಪ್‌ನ ಎಣ್ಣೆ ಟ್ಯಾಂಕ್‌ಗೆ ವಾಪಸ್ ಬಂದು ಹೋಗುತ್ತದೆ. ಗಾಳಿ ಅದುಮಿಕೊಳ್ಳುತ್ತದೆ, ಎಣ್ಣೆ ಅದುಮಿಕೊಳ್ಳುವುದಿಲ್ಲ ಅಲ್ವಾ? ಗಾಳಿ ಉಳಿದ ಕಡೆಯ ಸಿಲಿಂಡರ್ ಹಿಂದೆ ಬೀಳುತ್ತದೆ, ಇನ್ನೊಂದು ಕಡೆ ಮುಂದೆ ಹೋಗಿ ಫ್ರೇಮ್ ತಿರುಚಿಕೊಳ್ಳುತ್ತದೆ. ರಾಡ್ ಹೊರಗೆ ಬಂದಾಗ ಟ್ಯಾಂಕ್‌ನ ಮಟ್ಟ ಇಳಿಯುತ್ತದೆ, ಆಗಾಗ ನೋಡಿ ತುಂಬಿಸಿ. ಪಂಪ್ ಒಣಗಿದರೆ ಮತ್ತೆ ಗಾಳಿ ಎಳೆಯುತ್ತದೆ, ಮಾಡಿದ ಕೆಲಸವೆಲ್ಲ ದಂಡ. ಎಣ್ಣೆ ಮಾತ್ರ ಆ ಪಂಪ್‌ಗೆ ಹೇಳಿದ್ದೇ ಇರಲಿ. ಕೆಲವು ಹಳೆಯವು ಬ್ರೇಕ್ ಎಣ್ಣೆಯವು, ಆಮೇಲಿನವು ಆಟೋಮ್ಯಾಟಿಕ್ ಗೇರ್ ಎಣ್ಣೆಯವು. ಒಂದರ ಬದಲು ಇನ್ನೊಂದು ಸುರಿದರೆ ಸೀಲ್ ಹಾಳು. ಇಷ್ಟಾಗಿ ರಾಡ್‌ಗಳನ್ನು ಬೋಲ್ಟ್ ಮಾಡಿದ ಮೇಲೂ ಟಾಪ್ ಓರೆಯಾಗಿ ಏಳುತ್ತಿದ್ದರೆ ತಪ್ಪು ಬಹುಶಃ ಗಾಳಿಯದ್ದಲ್ಲ. ರಾಡ್ ಬಿಚ್ಚಿ, ಫ್ರೇಮನ್ನು ಕೈಯಲ್ಲೇ ಎತ್ತಿ ನೋಡಿ. ಒಂದು ಪಕ್ಕದ ಕೀಲು ಬಿಗಿ ಹಿಡಿದಿದ್ದರೆ ಪಂಪ್ ಎಷ್ಟು ಓಡಿಸಿದರೂ ಪ್ರಯೋಜನವಿಲ್ಲ.