ಮಲೆನಾಡು ಮಹೀಂದ್ರ ಜೀಪನ್ನು ಯಾಕೆ ಬಿಡುವುದಿಲ್ಲ: ಹಳೇ ಜೀಪು ನೋಡಿ ಖರೀದಿಸುವ, ಇಟ್ಟು ಬಾಳಿಸುವ ಬಗೆ

ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ದಾರಿ, ಕೊಡಗಿನ ಮಾಂದಲಪಟ್ಟಿ, ಸಕಲೇಶಪುರ–ಮೂಡಿಗೆರೆ ಕಡೆಯ ಕಾಫಿ ತೋಟ, ಎಲ್ಲಿ ನೋಡಿದರೂ ಇವತ್ತಿಗೂ ದುಡಿಯುತ್ತಿರುವುದು ಮಹೀಂದ್ರ ಜೀಪು. ಅಂಗಳದಲ್ಲಿ ಹೊಸ ಕಾರು ನಿಂತಿದ್ದರೂ ಶೆಡ್ಡಿನಲ್ಲಿರುವ ಜೀಪನ್ನು ಮಾರಲು ಮನೆಯವರು ಒಪ್ಪುವುದಿಲ್ಲ. ಇದನ್ನು ಬರೀ ಅಭಿಮಾನ ಅಂದುಕೊಂಡರೆ ತಪ್ಪು. ಕಾರಣ ಗಾಡಿಯ ಕಟ್ಟೋಣದಲ್ಲೇ ಇದೆ. ಅದು ಗೊತ್ತಿಲ್ಲದೆ ಹೆಸರು ನೋಡಿ ಕೊಂಡವರು ಒಂದೇ ಮಳೆಗಾಲಕ್ಕೆ ಸುಸ್ತಾಗುತ್ತಾರೆ.

ಮಹೀಂದ್ರ ಕಂಪನಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ಅಲ್ಲಿಂದ ಸಿಜೆ 3ಬಿ, ಎಂಎಂ 540, 550, ಮೇಜರ್‌ವರೆಗೆ ಬಾಡಿ ಬದಲಾಯಿತು, ಎಂಜಿನ್ ಪೆಟ್ರೋಲಿನಿಂದ ಡೀಸೆಲ್‌ಗೆ ಬಂತು. ಅಡಿಯ ಲೆಕ್ಕ ಮಾತ್ರ ಹೆಚ್ಚುಕಡಿಮೆ ಅದೇ ಉಳಿಯಿತು: ಏಣಿಯಂಥ ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು), ನಾಲ್ಕೂ ಕಡೆ ಕಮಾನು ಪಟ್ಟಿ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಹಿಂದೆ ಮುಂದೆ ಗಟ್ಟಿ ಹೌಸಿಂಗ್ (ಚಕ್ರಗಳ ಎಕ್ಸೆಲ್ ಹೊತ್ತ ಕವಚ), ನಡುವೆ ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ). ಹಾಗಾಗಿ ಒಂದು ಜೀಪಿನ ಸಾಮಾನು ಇನ್ನೊಂದಕ್ಕೆ ಕೂರುವುದುಂಟು. ಕಮಾನು ಮುರಿದರೆ ಪಟ್ಟಿ ಕೆಲಸದವರು ಅಂದೇ ಹೊಸ ಪಟ್ಟಿ ಹಾಕಿ ಕೊಡುತ್ತಾರೆ. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನೋಜಲ್ ಕೆಟ್ಟರೆ ಜಿಲ್ಲಾ ಕೇಂದ್ರದ ಡೀಸೆಲ್ ಪಂಪ್ ಅಂಗಡಿಯಲ್ಲಿ ಕೆಲಸ ಮುಗಿಯುತ್ತದೆ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆ ದೇಶಕ್ಕೆಲ್ಲ ಪಂಪು, ನೋಜಲ್ ಕೊಟ್ಟ ಕಾಲದಲ್ಲಿ ಕಲಿತ ಕೈಗಳು ನಮ್ಮಲ್ಲಿ ಇನ್ನೂ ಇವೆ. ನೆಟ್‌ವರ್ಕ್ ಸಿಗದ ತೋಟದಲ್ಲಿ ಗಾಡಿ ನಿಂತರೆ ಅಲ್ಲೇ ಬಿಚ್ಚಿ ಅಲ್ಲೇ ಹೊರಡಿಸಬಹುದು. ಜೀಪಿನವರ ನಿಷ್ಠೆಯ ಬೇರು ಇದು.

ಆದರೆ ಇದೇ ಗುಣದ ಇನ್ನೊಂದು ಮುಖವೂ ಇದೆ. ಯಾವುದಕ್ಕೆ ಯಾವುದು ಬೇಕಾದರೂ ಕೂರುತ್ತದೆ ಎಂದ ಮೇಲೆ ನಾಲ್ಕು ಜೀಪಿನ ಸಾಮಾನು ಸೇರಿಸಿ ಐದನೆಯದನ್ನು ಕಟ್ಟಿ ಮಾರುವವರೂ ಇರುತ್ತಾರೆ. ಕೊಳ್ಳುವ ಮುನ್ನ ಗಮನವೆಲ್ಲ ಅಲ್ಲಿರಬೇಕು.

ಮೊದಲು ಕಾಗದ

ಚಾಸಿ ಮೇಲೆ ಕೊರೆದ ನಂಬರನ್ನು ವೈರ್ ಬ್ರಷ್‌ನಿಂದ ಉಜ್ಜಿ ಓದಿ, ಆರ್‌ಸಿ ಜೊತೆ ಒಂದೊಂದು ಅಕ್ಷರವನ್ನೂ ತಾಳೆ ನೋಡಿ. ಎಂಜಿನ್ ನಂಬರಿಗೂ ಇದೇ ಮಾತು. ಪೆಟ್ರೋಲ್ ಎಂದು ಆರ್‌ಸಿ ಹೇಳುವ ಗಾಡಿಯಲ್ಲಿ ಡೀಸೆಲ್ ಎಂಜಿನ್ ಕೂತಿದ್ದು ಆರ್‌ಟಿಒ ಒಪ್ಪಿಗೆ ಇಲ್ಲದಿದ್ದರೆ ಕೈಮುಗಿದು ಎದ್ದು ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅದು ತಪ್ಪು, ವಿಮೆ ಕೇಳಲು ಹೋದಾಗಲೂ ಅಡ್ಡಬರುತ್ತದೆ. ಸ್ವಂತದ ಗಾಡಿಗೆ 15 ವರ್ಷ ತುಂಬಿದ ಮೇಲೆ ಫಿಟ್‌ನೆಸ್ ಮಾಡಿಸಿ ನೋಂದಣಿ ನವೀಕರಿಸಬೇಕು, ಅದು ಐದೈದು ವರ್ಷಕ್ಕೆ. ಆ ಕೆಲಸ ಮುಗಿದಿರುವ ಗಾಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಮೇಲೆ ಚಾಸಿ

ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು ಹಿಡಿದು ಅಡಿಗೆ ಮಲಗಿ. ಚಾಸಿಯ ಉದ್ದಕ್ಕೂ ಅರ್ಧ ಅಡಿಗೊಂದು ಸಲ ಹಗುರವಾಗಿ ಬಡಿಯುತ್ತ ಹೋಗಿ. ಗಟ್ಟಿ ಲೋಹ ಟಣ್ ಎನ್ನುತ್ತದೆ. ಒಳಗೆ ತುಕ್ಕು ತಿಂದ ಜಾಗ, ಪುಟ್ಟಿ ತುಂಬಿದ ಜಾಗ ದಬ್ ಎನ್ನುತ್ತದೆ, ಸುತ್ತಿಗೆ ಪುಟಿಯುವುದಿಲ್ಲ. ಹಿಂದಿನ ಕಮಾನಿನ ಹ್ಯಾಂಗರ್ ಸುತ್ತ, ಬಾಡಿ ಬೋಲ್ಟುಗಳ ಅಡಿ, ಸ್ಟೇರಿಂಗ್ ಬಾಕ್ಸ್ ಕೂತಿರುವ ಕಡೆ ಎರಡೆರಡು ಸಲ ನೋಡಿ. ಸ್ಟೇರಿಂಗ್ ಬಾಕ್ಸ್ ಬಳಿ ಕೂದಲೆಳೆಯ ಬಿರುಕಿದ್ದರೆ ಬಣ್ಣದಲ್ಲಿ ಸಣ್ಣ ತುಕ್ಕಿನ ಗೆರೆಯಾಗಿ ಕಾಣುತ್ತದೆ. ಮಾರುವ ಮುನ್ನ ಅಡಿಗೆಲ್ಲ ಹೊಸದಾಗಿ ಕಪ್ಪು ಬಳಿದಿದ್ದರೆ ಏನನ್ನೋ ಮುಚ್ಚಿದ್ದಾರೆ ಎಂದೇ ಹಿಡಿಯಿರಿ. ಬಾಡಿ ತೂತಾಗಿದ್ದರೆ ಹೆದರಬೇಡಿ, ಟಿಂಕರಿಂಗ್ ಆಗುತ್ತದೆ. ಚಾಸಿ ಹೋದರೆ ಗಾಡಿಯೇ ಹೋದ ಹಾಗೆ.

ಹಿಂದೆ ಮುಂದೆ ರೇಷಿಯೊ ಒಂದೇ ಇದೆಯೇ?

ಜೋಡಿಸಿ ಕಟ್ಟಿದ ಜೀಪನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಟೂ ವೀಲ್ (ಹಿಂದಿನ ಚಕ್ರ ಮಾತ್ರ ಗಾಡಿ ತಳ್ಳುವ) ಜೀಪಿಗೆ ಎಲ್ಲಿಂದಲೋ ತಂದ ಮುಂದಿನ ಹೌಸಿಂಗ್ ಹಾಕಿ ಫೋರ್ ವೀಲ್ ಮಾಡಿರುತ್ತಾರೆ. ಟ್ರಾನ್ಸ್‌ಫರ್ ಕೇಸಿನಿಂದ ಬರುವ ಉದ್ದ ದಂಡ ಪ್ರೊಪೆಲ್ಲರ್ ಶಾಫ್ಟ್, ಅದರ ತಿರುಗಾಟವನ್ನು ಹೌಸಿಂಗ್ ಒಳಗೆ ಚಕ್ರಕ್ಕೆ ಕೊಡುವ ಹಲ್ಲುಗಾಲಿ ಜೋಡಿ ಕ್ರೌನ್-ಪಿನಿಯನ್. ಕ್ರೌನ್ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತಬೇಕೋ ಅದೇ ರೇಷಿಯೊ. ಅದು ಹಿಂದೆ 4.88, ಮುಂದೆ 5.38 ಇದ್ದರೆ ಮುಂದಿನ ಚಕ್ರ ಒಂದು ವೇಗದಲ್ಲಿ ಎಳೆಯುತ್ತದೆ, ಹಿಂದಿನದು ಇನ್ನೊಂದರಲ್ಲಿ. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಹೋಗುವುದರಿಂದ ಗೊತ್ತಾಗುವುದಿಲ್ಲ. ಗಟ್ಟಿ ನೆಲಕ್ಕೆ ಬಂದ ಕೂಡಲೇ ಗಾಡಿ ಬಿಗಿದು ಟ್ರಾನ್ಸ್‌ಫರ್ ಕೇಸಿನ ಹಲ್ಲು ಇಲ್ಲವೇ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಕೀಲು ಮುರಿಯುತ್ತದೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಂದಿನ ಎರಡು ಚಕ್ರಕ್ಕೂ ಹಿಂದಿನ ಒಂದಕ್ಕೂ ಎರಡೂ ಬದಿಯಿಂದ ಕಲ್ಲು ಕೊಡಿ. ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಕೇಸೂ ನ್ಯೂಟ್ರಲ್. ಹ್ಯಾಂಡ್ ಬ್ರೇಕ್ ಬಿಡಬೇಕು, ಏಕೆಂದರೆ ಹಳೇ ಜೀಪಿನಲ್ಲಿ ಅದು ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನೇ ಹಿಡಿಯುತ್ತದೆ. ಹಾಗಾಗಿ ಕಲ್ಲಿನ ವಿಷಯದಲ್ಲಿ ಉದಾಸೀನ ಬೇಡ, ಎತ್ತಿದ ಕಡೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಹಿಂದಿನ ಒಂದು ಚಕ್ರ ನೆಲದಿಂದ ಎತ್ತಿ, ಟೈರಿಗೊಂದು ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಇನ್ನೊಬ್ಬರು ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಎಣಿಸಲಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ಬರುತ್ತದೆ. ಶಾಫ್ಟ್ ಐದು ಸುತ್ತು ದಾಟಿ ಮೂರನೇ ಒಂದಕ್ಕಿಂತ ತುಸು ಮುಂದೆ ಹೋಗಿ ನಿಂತರೆ 5.38. ಐದು ಸುತ್ತು ತುಂಬಲು ಸ್ವಲ್ಪ ಬಾಕಿ ಇರುವಾಗಲೇ ನಿಂತರೆ 4.88. ಈಗ ಕಲ್ಲುಗಳನ್ನು ಹಿಂದಿನ ಚಕ್ರಗಳಿಗೆ ಬದಲಿಸಿ ಮುಂದಿನ ಒಂದು ಚಕ್ರ ಎತ್ತಿ ಹೀಗೇ ಎಣಿಸಿ. ಫ್ರೀ ವೀಲಿಂಗ್ ಹಬ್ (ಮುಂದಿನ ಚಕ್ರವನ್ನು ಎಕ್ಸೆಲ್‌ನಿಂದ ಬಿಡಿಸಿಡುವ ಸಾಧನ) ಇದ್ದರೆ ಎರಡೂ ಬದಿ ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಶಾಫ್ಟ್ ತಿರುಗುವುದೇ ಇಲ್ಲ. ಎರಡು ಎಣಿಕೆಯಲ್ಲಿ ಅರ್ಧ ಸುತ್ತಿನ ವ್ಯತ್ಯಾಸ ಕಂಡರೂ ಆ ಜೀಪು ಬೇಡ.

ಎಂಜಿನ್

ಎಂಎಂ ಸಾಲಿನ ಜೀಪುಗಳಲ್ಲಿ ಹೆಚ್ಚು ಸಿಗುವುದು ಪ್ಯೂಜೊ ಡೀಸೆಲ್, 2112 ಸಿಸಿ. ಆಮೇಲಿನವುಗಳಲ್ಲಿ 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಕೂಡ ಇದೆ. ಪ್ಯೂಜೊ ಮೆತ್ತಗೆ ಓಡುತ್ತದೆ, ಬೆಳಗಿನ ಚಳಿಯಲ್ಲಿ ಹೀಟರ್ ಪ್ಲಗ್ ಇಲ್ಲದೆ ಏಳುವುದಿಲ್ಲ. ಡಿಐ ಗಡಗಡ ಎನ್ನುತ್ತದೆ, ಡೀಸೆಲ್ ಕಡಿಮೆ ಕುಡಿಯುತ್ತದೆ. ತೋಟದ ಕೆಲಸಕ್ಕೆ ಎರಡೂ ಸಾಕು.

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ತುಸು ಉಸಿರು ಸಹಜ. ಬುಸುಬುಸು ಹೊಗೆ ಬಂದು ಅಂಗೈ ಎಣ್ಣೆಯಾದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ರಿಂಗು, ಲೈನರ್ ಸವೆದಿವೆ, ಬೋರಿಂಗ್ ಕೆಲಸ ಕಾದಿದೆ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಉರಿಯುತ್ತಿದೆ. ಏರಿನಲ್ಲಿ ಕಪ್ಪು ಹೊಗೆ ಬಂದರೆ ನೋಜಲ್, ಪಂಪು, ಏರ್ ಫಿಲ್ಟರ್ ನೋಡಿಸಿದರೆ ಆಯಿತು. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ. ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ ಬಲ, ಅಂಥ ಗಾಡಿ ಘಾಟಿಯಲ್ಲಿ ಕುದಿಯುತ್ತದೆ.

ಸ್ಪ್ಯಾನರ್ ಎರಡು ಬಗೆ ಬೇಕು

ಹಳೇ ಜೀಪಿನ ಚಾಸಿ, ಹೌಸಿಂಗ್, ಕಮಾನಿನ ಬೋಲ್ಟುಗಳು ಇಂಚಿನವು. ಪ್ಯೂಜೊ ಎಂಜಿನ್ ಬೋಲ್ಟುಗಳು ಮಿಲಿಮೀಟರಿನವು. ಇದು ಗೊತ್ತಿಲ್ಲದೆ ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರ್ ಹಾಕುತ್ತಾರೆ. ಅರ್ಧ ಇಂಚು ಎಂದರೆ 12.7 ಮಿ.ಮೀ. ಹೊಸ ನಟ್ಟಿಗೆ ನಡೆಯುತ್ತದೆ, ತುಕ್ಕು ಹಿಡಿದದ್ದಾದರೆ ಮೂಲೆ ಸವೆದು ಗುಂಡಗಾಗುತ್ತದೆ. 9/16 ಇಂಚಿಗೆ 14 ಹಿಡಿಯುವುದೇ ಇಲ್ಲ, 15 ಜಾರುತ್ತದೆ. ನಿಶ್ಚಿಂತೆಯಿಂದ ಬಳಸಬಹುದಾದ ಜೋಡಿ 3/4 ಇಂಚು ಮತ್ತು 19 ಮಾತ್ರ. ಇಂಚಿನಲ್ಲಿ 7/16, 1/2, 9/16, 5/8, 3/4, ಎಂಎಂನಲ್ಲಿ 10, 13, 17, 19 ಇಟ್ಟುಕೊಂಡರೆ ರಸ್ತೆಬದಿಯ ಬಹುಪಾಲು ಕೆಲಸ ಆಗುತ್ತದೆ. ಇನ್ನೊಂದು ಮಾತು: ಹಳೆಯ ಕೆಲವು ಜೀಪುಗಳಲ್ಲಿ ಎಡಬದಿ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್. ಸ್ಟಡ್ ತುದಿಯಲ್ಲಿ ಎಲ್ ಗುರುತು ಇದೆಯೇ ನೋಡದೆ ಪೈಪು ಹಾಕಿ ಜಗ್ಗಿದರೆ ಸ್ಟಡ್ ಕಡಿದು ಕೈಗೆ ಬರುತ್ತದೆ.

ಸ್ಟೇರಿಂಗ್ ಒದರಿದರೆ

40–50 ಕಿ.ಮೀ. ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದ ಕೂಡಲೇ ಸ್ಟೇರಿಂಗ್ ಎಡಬಲಕ್ಕೆ ಜೋರಾಗಿ ಒದರಲು ಶುರುವಾಗಿ, ಗಾಡಿ ನಿಲ್ಲಿಸುವವರೆಗೆ ಬಿಡುವುದಿಲ್ಲ. ಹಳೇ ಜೀಪಿನವರೆಲ್ಲ ಕೇಳುವ ದೂರು ಇದು. ಹಲವರು ಒದರಾಟ ಅಡಗಿಸುವ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಸುಮ್ಮನಾಗುತ್ತಾರೆ. ರೋಗ ಒಳಗೇ ಉಳಿಯುತ್ತದೆ.

ಮುಂದಿನ ಚಕ್ರ ಎತ್ತಿ, ಟೈರಿನ ನೆತ್ತಿ ಮತ್ತು ಅಡಿಯನ್ನು ಎರಡು ಕೈಯಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಕಟಕಟ ಎಂದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್ ಸಡಿಲ, ನಟ್ಟು ಬಿಗಿದರೆ ಸಾಕಾಗಬಹುದು. ಆಟ ಹಾಗೇ ಇದ್ದರೆ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್ ಸವೆದಿದೆ ಇಲ್ಲವೇ ಸಡಿಲ. ಬೇರಿಂಗ್ ಚೆನ್ನಾಗಿದ್ದರೆ ಮುಚ್ಚಳದಡಿಯ ಶಿಮ್ (ತೆಳು ತಗಡು) ತೆಗೆದು ಬಿಗಿ ತರುತ್ತಾರೆ. ಮೇಲೆ ತೆಗೆದಷ್ಟೇ ದಪ್ಪದ ಶಿಮ್ಮನ್ನು ಕೆಳಗೂ ತೆಗೆಯಬೇಕು, ಇಲ್ಲದಿದ್ದರೆ ನಕಲ್ (ಚಕ್ರ ಹೊತ್ತು ತಿರುಗುವ ಗೆಣ್ಣು) ಒಂದು ಕಡೆಗೆ ಸರಿದು ಒಳಗಿನ ಎಕ್ಸೆಲ್ ನಡುವಿಗೆ ಕೂರುವುದಿಲ್ಲ. ಆಮೇಲೆ ಸ್ಟೇರಿಂಗ್ ಕಡ್ಡಿಗಳ ಕೀಲುಗಳಾದ ಟೈ ರಾಡ್ ಎಂಡ್, ಸಿಜೆ ಜೀಪಾದರೆ ಬೆಲ್ ಕ್ರ್ಯಾಂಕ್, ಜೊತೆಗೆ ಕಮಾನಿನ ಬುಷ್ ನೋಡಿ. ಕೊನೆಗೆ ಟೋ-ಇನ್: ಮುಂದಿನ ಚಕ್ರಗಳ ಮುಂಭಾಗದ ಅಂತರ ಹಿಂಭಾಗದ್ದಕ್ಕಿಂತ 1ರಿಂದ 2 ಮಿ.ಮೀ. ಕಡಿಮೆ ಇರಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

ಗೇರ್ ಆಯಿಲ್, ಗ್ರೀಸ್

ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಹೌಸಿಂಗ್, ಹೀಗೆ ನಾಲ್ಕು ಕಡೆ 90ರ ಆಯಿಲ್ ಮಟ್ಟ ನೋಡಬೇಕು. ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿದರೆ ಎಣ್ಣೆ ತೂತಿನ ಅಂಚಿಗೇ ತಾಗಬೇಕು. ಗೇರ್ ಬಾಕ್ಸಿನಲ್ಲಿ ಕಡಿಮೆ, ಪಕ್ಕದ ಟ್ರಾನ್ಸ್‌ಫರ್ ಕೇಸಿನಲ್ಲಿ ಪ್ಲಗ್ ಬಿಚ್ಚಿದೊಡನೆ ಧಾರೆಯಾಗಿ ಸುರಿಯುವಷ್ಟು ಇದ್ದರೆ ನಡುವಿನ ಸೀಲ್ ದಾಟಿ ಎಣ್ಣೆ ಆ ಕಡೆ ಹೋಗುತ್ತಿದೆ. ಮೇಲಿಂದ ಮೇಲೆ ತುಂಬಿಸಿ ಪ್ರಯೋಜನವಿಲ್ಲ, ಬಿಚ್ಚಿ ಸೀಲ್ ಹಾಕಿಸಬೇಕು. ತಡಮಾಡಿದರೆ ಗೇರ್ ಬಾಕ್ಸ್ ಒಣಗಿ ಸಾಯುತ್ತದೆ. ಹಿಂದಿನ ಸೀಲಿನಿಂದ ಎಣ್ಣೆ ಸೋರಿದರೆ ಹ್ಯಾಂಡ್ ಬ್ರೇಕ್ ಲೈನರ್ ನೆನೆಯುತ್ತದೆ. ಆಗ ಎಷ್ಟು ಎಳೆದರೂ ಗಾಡಿ ಇಳಿಜಾರಿನಲ್ಲಿ ನಿಲ್ಲುವುದಿಲ್ಲ.

ಗ್ರೀಸ್ ನಿಪ್ಪಲ್‌ಗಳಿಗೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಗನ್ ಹಿಡಿಯಿರಿ. ಹಳೇ ಕಪ್ಪು ಗ್ರೀಸ್ ಹೊರಬಂದು ಹೊಸ ಬಣ್ಣ ಕಾಣುವವರೆಗೆ ಒತ್ತಬೇಕು. ಹಳ್ಳ ದಾಟಿದ ದಿನ ಹೌಸಿಂಗ್ ಪ್ಲಗ್ ಬಿಚ್ಚಿ ನೋಡಿ. ಎಣ್ಣೆ ಹಾಲು ಬೆರೆತ ಕಾಫಿಯಂತಿದ್ದರೆ ನೀರು ಹೋಗಿದೆ, ಅಂದೇ ಪೂರ್ತಿ ಇಳಿಸಿ ಬದಲಿಸಿ. ಕಮಾನು ಕೆಲಸ ಮಾಡಿಸಿದ್ದರೆ 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಲೇಬೇಕು. ಸಡಿಲ ಯು ಬೋಲ್ಟ್ ಇದ್ದರೆ ಪಟ್ಟಿಯ ನಡುವಿನ ಬೋಲ್ಟ್ ಕತ್ತರಿಸಿ ಹೌಸಿಂಗ್ ಹಿಂದಕ್ಕೆ ಸರಿಯುತ್ತದೆ.

ಡೀಸೆಲ್ ಲೈನಿಗೆ ಗಾಳಿ ಹಿಡಿದರೆ

ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದೂವರೆ ಸುತ್ತು ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತ ಇರಿ. ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಪಂಪಿನ ಸ್ಕ್ರೂವಿಗೂ ಹೀಗೇ ಮಾಡಿ. ಆಗಲೂ ಏಳದಿದ್ದರೆ ಎರಡು ನೋಜಲ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಆಗ ಕೈ ಅಡ್ಡ ಹಿಡಿಯಬೇಡಿ, ಆ ಒತ್ತಡ ಚರ್ಮ ತೂರಿ ಒಳಹೋಗುತ್ತದೆ. ಮತ್ತೆ ಮತ್ತೆ ಗಾಳಿ ಹಿಡಿಯುತ್ತಿದ್ದರೆ ತಾಮ್ರದ ವಾಷರ್ ಹಳೆಯದನ್ನೇ ಹಾಕಿದ್ದಾರೆ, ಇಲ್ಲವೇ ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಸೀಳಿದೆ.

ಫೋರ್ ವೀಲ್ ಯಾವಾಗ

ಡಾಂಬರಿನ ಮೇಲೆ ಬೇಡವೇ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡುತ್ತದೆ, ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಲಿವರ್ ಬಿಗಿದು ಕೂತರೆ ಒದೆಯಬೇಡಿ. ನೇರವಾಗಿ ಹತ್ತಿಪ್ಪತ್ತು ಅಡಿ ರಿವರ್ಸ್ ಹೋದರೆ ಬಿಗಿ ಬಿಟ್ಟು ಸಲೀಸಾಗಿ ಬರುತ್ತದೆ. ಲೋ (ಟ್ರಾನ್ಸ್‌ಫರ್ ಕೇಸಿನ ನಿಧಾನದ, ಹೆಚ್ಚು ಎಳೆತದ ಗೇರ್) ಹಾಕುವಾಗ ಗಾಡಿ ಪೂರ್ತಿ ನಿಂತಿರಬೇಕು. ಕಡಿದಾದ ಇಳಿಜಾರಿಗೆ ಲೋ, ಒಂದನೇ ಗೇರ್, ಕಾಲು ಕ್ಲಚ್‌ನಿಂದ ದೂರ. ಹಳೇ ಸಿಜೆಗಳಲ್ಲಿ ಬ್ರೇಕಿಗೆ ಒಂದೇ ಲೈನ್. ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ ಎಂಬುದು ಇಳಿಯುವಾಗ ನೆನಪಿರಲಿ. ನಾಲ್ಕೂ ಟೈರು ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತದ್ದಾಗಿರಬೇಕು.

ಜೀಪು ಸಾಕಿದವರು ಮುಂದಿನ ಗಾಡಿಯೂ ಮಹೀಂದ್ರವೇ ಇರಲಿ ಎಂದು ಥಾರ್ ನೋಡುವುದು ಸಹಜ. ಆದರೆ 2010ರ ಥಾರ್‌ನಲ್ಲೇ ಮುಂದಿನ ಕಮಾನು ಹೋಗಿ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು, 2020ರದ್ದರಲ್ಲಿ ಹಿಂದೆಯೂ ಕಾಯಿಲ್ ಸ್ಪ್ರಿಂಗ್. ಚಾಸಿ ಇದೆ, ಫೋರ್ ವೀಲ್ ಗಾಡಿಗೆ ಲೋ ಇದೆ, ಕೂತರೆ ಸುಖವೂ ಇದೆ. ಎಂಜಿನ್ ಕೆಟ್ಟರೆ ಮಾತ್ರ ಸ್ಪ್ಯಾನರಿಗೆ ಮೊದಲು ಸ್ಕ್ಯಾನರ್ ಬೇಕು. ಪೇಟೆಗೆ ಓಡಾಡಲು ಅದು ಸರಿ. ಆಷಾಢದಲ್ಲಿ ಟೈರಿಗೆ ಚೈನು ಕಟ್ಟಿ ತೋಟಕ್ಕೆ ಇಳಿಯಬೇಕಾದವರು ಹಳೆಯದನ್ನು ಉಳಿಸಿಕೊಳ್ಳುವುದು ಮೇಲು. ಚೈನು ಕಟ್ಟಿದ ಮೇಲೆ ಐವತ್ತು ಅಡಿ ಓಡಿಸಿ, ನಿಲ್ಲಿಸಿ, ಸಡಿಲಾದಷ್ಟನ್ನು ಮತ್ತೆ ಎಳೆದು ಕಟ್ಟಿ. ತುದಿಯ ಒಂದು ಕೊಂಡಿ ಜೋತಾಡಿದರೂ ಅದು ಬ್ರೇಕ್ ಪೈಪಿಗೆ ಬಡಿಯುತ್ತದೆ.